ಕ್ರಾಪ್ ಸೆನ್ಸರ್ ಕ್ಯಾಮೆರಾಗೆ ವೈಡ್ ಲೆನ್ಸ್: ಮೊದಲು ನೋಟದ ಕೋನ, ಆಮೇಲೆ ಅಪರ್ಚರ್

ಮಾನ್ಯ ಸಂಪಾದಕರೇ,

ಹೊಸ ಛಾಯಾಗ್ರಾಹಕರಿಗಾಗಿ ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಪ್ರಕಟವಾದ ಲೆನ್ಸ್ ಖರೀದಿಯ ಸಲಹೆಗಳನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಕಡಿಮೆ ಬೆಳಕಿನಲ್ಲಿ ಚಿತ್ರ ತೆಗೆಯುವವರು 50 ಮಿ.ಮೀ. ಎಫ್/1.8 ಲೆನ್ಸ್ (ಎಫ್ ಸಂಖ್ಯೆ ಎಂದರೆ ಅಪರ್ಚರ್‌ನ, ಅಂದರೆ ಬೆಳಕು ಒಳಬರುವ ಕಿಂಡಿಯ ಅಳತೆ; ಅದು ಕಡಿಮೆಯಾದಷ್ಟೂ ಬೆಳಕು ಹೆಚ್ಚು) ಕೊಳ್ಳಬೇಕು, ವಿಶಾಲವಾದ ನೋಟ ಬೇಕೆನ್ನುವವರು ಬಿಂಬ ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾಗೇ ಹೋಗಬೇಕು ಎಂಬ ಎರಡು ಮಾತುಗಳು ಅದರಲ್ಲಿದ್ದವು. ಅದಕ್ಕಿಂತ ಚಿಕ್ಕ ಸೆನ್ಸರ್‌ನ, ಅಂದರೆ ಕ್ರಾಪ್ ಸೆನ್ಸರ್ ಕ್ಯಾಮೆರಾ ಹಿಡಿದು ಯಕ್ಷಗಾನದ ಚೌಕಿಯಲ್ಲೂ (ವೇಷ ಕಟ್ಟುವ ಕೋಣೆ) ಹಳೆಯ ದೇವಾಲಯಗಳ ನವರಂಗದಲ್ಲೂ ಚಿತ್ರ ತೆಗೆಯುವ ನನ್ನಂಥವರಿಗೆ ಮೊದಲನೆಯ ಸಲಹೆ ಉಪಯೋಗಕ್ಕೆ ಬರುವುದಿಲ್ಲ. ಎರಡನೆಯದಕ್ಕೆ ಇಂದು ಆಧಾರ ಉಳಿದಿಲ್ಲ.

ಕ್ರಾಪ್ ಸೆನ್ಸರ್‌ನ ಅಳತೆ ಸುಮಾರು 23.5 × 15.6 ಮಿ.ಮೀ., ಫುಲ್ ಫ್ರೇಮ್‌ನದು 36 × 24 ಮಿ.ಮೀ. ಆದ್ದರಿಂದ ಸೋನಿ, ನಿಕಾನ್, ಫ್ಯೂಜಿಫಿಲ್ಮ್ ಕ್ಯಾಮೆರಾಗಳಲ್ಲಿ ಲೆನ್ಸ್‌ನ ಫೋಕಲ್ ಲೆಂತನ್ನು (ಮಿ.ಮೀ.ನಲ್ಲಿ ಹೇಳುವ ಸಂಖ್ಯೆ; ಅದು ಕಡಿಮೆಯಾದಷ್ಟೂ ನೋಟ ಅಗಲ) 1.5ರಿಂದ, ಸೆನ್ಸರ್ ಇನ್ನೂ ತುಸು ಚಿಕ್ಕದಾಗಿರುವ ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿದ ಮೇಲೆಯೇ ಎಷ್ಟು ಅಗಲದ ನೋಟ ಸಿಗುತ್ತದೆಂಬುದು ತಿಳಿಯುತ್ತದೆ. 50 ಮಿ.ಮೀ. ಲೆನ್ಸ್ ಫುಲ್ ಫ್ರೇಮ್‌ನ 75ರಂತೆ ನಡೆದುಕೊಳ್ಳುತ್ತದೆ. ಎರಡೂ ಬದಿ ವೇಷಭೂಷಣಗಳ ಪೆಟ್ಟಿಗೆಗಳು, ಅವುಗಳ ಮುಂದೆ ಸಾಲಾಗಿ ಕುಳಿತು ಬಣ್ಣ ಹಚ್ಚಿಕೊಳ್ಳುವ ಕಲಾವಿದರು, ನಡುವೆ ಒಬ್ಬರು ದಾಟುವಷ್ಟು ದಾರಿ ಇರುವ ಚೌಕಿಯಲ್ಲಿ ಅಂಥ ಲೆನ್ಸಿಗೆ ಒಂದು ಮುಖ ಮಾತ್ರ ದಕ್ಕುತ್ತದೆ. ಆ ಮುಖ, ಅದರೆದುರಿನ ಕನ್ನಡಿ, ಬಣ್ಣದ ಬಟ್ಟಲು, ಪಕ್ಕದಲ್ಲಿ ಮುಂದಲೆ ಎಂಬ ತಲೆಯುಡುಗೆ ಕಟ್ಟಿಕೊಳ್ಳುತ್ತಿರುವ ಇನ್ನೊಬ್ಬರು ಎಲ್ಲರೂ ಒಂದೇ ಚೌಕಟ್ಟಿನಲ್ಲಿ ಬರಬೇಕಾದರೆ 16 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯ ಲೆನ್ಸ್ ಬೇಕು. ಫುಲ್ ಫ್ರೇಮ್‌ಗೆಂದು ತಯಾರಾದ 24 ಮಿ.ಮೀ. ಎಫ್/1.4 ಲೆನ್ಸನ್ನು ದೊಡ್ಡ ಹಣ ಕೊಟ್ಟು ತಂದು ಕ್ರಾಪ್ ಕ್ಯಾಮೆರಾಗೆ ಹಾಕಿದರೂ ಸಿಗುವುದು 36 ಮಿ.ಮೀ. ನೋಟವೇ. ಮೊದಲು ಕೋನವನ್ನು ನಿರ್ಧರಿಸಿಕೊಳ್ಳಿ, ಅಪರ್ಚರ್ ಅದರ ನಂತರ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಹಾಗೆಂದು ಅಪರ್ಚರ್ ಸಣ್ಣ ವಿಷಯವೂ ಅಲ್ಲ. ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸ್ ತನ್ನ ಅತಿ ಅಗಲದ ತುದಿಯಲ್ಲಿ ಸಾಮಾನ್ಯವಾಗಿ ಎಫ್/3.5ರಷ್ಟು ಮಾತ್ರ ತೆರೆದುಕೊಳ್ಳುತ್ತದೆ, ಎಫ್/1.4 ಲೆನ್ಸ್ ಅದಕ್ಕಿಂತ ಆರು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ರಂಗಸ್ಥಳದಲ್ಲಿ ದಿಗಿಣ (ಸುತ್ತುತ್ತ ಹಾರುವ ಕುಣಿತ) ಹಾಕುವ ವೇಷಧಾರಿಯ ಚಲನೆಯನ್ನು ಸೆಕೆಂಡಿನ 250ನೆಯ ಒಂದು ಭಾಗದಲ್ಲಿ ಹಿಡಿಯಲು ಕಿಟ್ ಲೆನ್ಸಿನೊಂದಿಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ; ಏರಿಸಿದಷ್ಟೂ ಚಿತ್ರ ಕಾಳುಕಾಳು) 6400 ಬೇಕಾಗುವಲ್ಲಿ ಎಫ್/1.4 ಲೆನ್ಸಿಗೆ ಸುಮಾರು 1000 ಸಾಕು. ಹಸಿರು, ಕೆಂಪು ಬಣ್ಣಗಾರಿಕೆಯ ಸೂಕ್ಷ್ಮ ಗೆರೆಗಳು ಚಿತ್ರದಲ್ಲಿ ಉಳಿಯುತ್ತವೆಯೋ, ಕಾಳುಕಾಳಾಗಿ ಒಡೆದುಹೋಗುತ್ತವೆಯೋ ಎಂಬುದು ಚಿಕ್ಕ ಸೆನ್ಸರ್‌ನಲ್ಲಿ ಈ ಅಂತರವನ್ನೇ ಅವಲಂಬಿಸಿದೆ. ಸೆನ್ಸರ್‌ನ ಕಂಪನ ನಿರೋಧಕ ವ್ಯವಸ್ಥೆ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಅದು ನಮ್ಮ ಕೈಯ ಅಲುಗಾಟವನ್ನು ತಡೆಯಬಲ್ಲದೇ ಹೊರತು ಕುಣಿಯುವವರ ಚಲನೆಯನ್ನಲ್ಲ.

ಹಗುರ, ಅಗಲ, ದೊಡ್ಡ ಅಪರ್ಚರ್, ಈ ಮೂರೂ ಒಂದೇ ಲೆನ್ಸಿನಲ್ಲಿ ಹಿಂದೆ ಸಿಗುತ್ತಿರಲಿಲ್ಲ ಎಂಬುದು ನಿಜ, ಮತ್ತು ಅದರ ಕಾರಣ ಹಳೆಯ ಬಗೆಯ ಡಿಎಸ್ಎಲ್ಆರ್ ಕ್ಯಾಮೆರಾದೊಳಗಿನ ಕನ್ನಡಿ. ಆ ಕನ್ನಡಿ ಮೇಲೆ ಕೆಳಗೆ ಆಡಲು ಜಾಗ ಬೇಕಾದ್ದರಿಂದ ಲೆನ್ಸ್ ಕೂರುವ ಬಳೆಗೂ ಸೆನ್ಸರ್‌ಗೂ ನಡುವೆ ಕ್ಯಾನನ್‌ನಲ್ಲಿ 44 ಮಿ.ಮೀ., ನಿಕಾನ್‌ನಲ್ಲಿ 46.5 ಮಿ.ಮೀ. ಅಂತರ ಬಿಡಲಾಗಿತ್ತು. 12 ಅಥವಾ 16 ಮಿ.ಮೀ. ಫೋಕಲ್ ಲೆಂತಿನ ಲೆನ್ಸ್ ಅಷ್ಟು ದೂರದಿಂದ ಸೆನ್ಸರ್ ಮೇಲೆ ಬಿಂಬ ಮೂಡಿಸಬೇಕಾದರೆ ಮುಂದೆ ದೊಡ್ಡ ಗಾಜುಗಳನ್ನು ಜೋಡಿಸಲೇಬೇಕಿತ್ತು. ಬಹುಜನಪ್ರಿಯವಾಗಿದ್ದ ಟೋಕಿನಾ 11–16 ಎಫ್/2.8 ಅರ್ಧ ಕಿಲೋಗಿಂತ ಹೆಚ್ಚು ತೂಗುತ್ತಿದ್ದುದು ಆದ್ದರಿಂದಲೇ. 125 ಗ್ರಾಂ ತೂಗುವ ಕ್ಯಾನನ್ 24 ಎಫ್/2.8 ಹಗುರವೇನೋ ಹೌದು, ಆದರೆ ಕ್ರಾಪ್ ಸೆನ್ಸರ್‌ನಲ್ಲಿ ಅದರ ನೋಟ ಅಗಲವಲ್ಲ. ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ಅಂತರ ಸೋನಿಗೆ 18, ಕ್ಯಾನನ್‌ಗೆ 20, ನಿಕಾನ್‌ಗೆ 16 ಮಿ.ಮೀ.ಗೆ ಇಳಿಯಿತು. ಲೆನ್ಸ್ ತಯಾರಕರ ಕೈಕಟ್ಟು ಬಿಚ್ಚಿದ್ದು ಅಲ್ಲಿಂದ.

ಅದರ ಫಲ ಕೂಡಲೇ ಬರಲಿಲ್ಲ. 2017ರಲ್ಲಿ ಬಂದ ಸಿಗ್ಮಾ 16 ಎಫ್/1.4 ಚಿತ್ರದ ಗುಣಮಟ್ಟದಲ್ಲಿ ಇಂದಿಗೂ ಉತ್ತಮ ಲೆನ್ಸ್, ಆದರೆ ಅದರ ತೂಕ 405 ಗ್ರಾಂ; 344 ಗ್ರಾಂ ತೂಗುವ ಸೋನಿ ಎ6000 ಕ್ಯಾಮೆರಾಗೆ ಹಾಕಿದರೆ ಮೂತಿ ಕೆಳಕ್ಕೆ ಜಗ್ಗುತ್ತದೆ, ರಾತ್ರಿಯಿಡೀ ಕುತ್ತಿಗೆಗೆ ತೂಗುಹಾಕಿಕೊಳ್ಳುವವರಿಗೆ ಅದು ಭಾರವೇ. 2022ರಲ್ಲಿ ಸೋನಿ ತಂದ 15 ಎಫ್/1.4 ಬರೀ 219 ಗ್ರಾಂ, 11 ಎಫ್/1.8 ಇನ್ನೂ ಕಡಿಮೆ, 181 ಗ್ರಾಂ. ಫ್ಯೂಜಿಫಿಲ್ಮ್ ಬಳಸುವವರು 16 ಮಿ.ಮೀ.ನಲ್ಲೇ 375 ಗ್ರಾಂನ ಎಫ್/1.4 ಮತ್ತು 155 ಗ್ರಾಂನ ಎಫ್/2.8 ನಡುವೆ ಆರಿಸಬಹುದು. ಸಿಗ್ಮಾದ 16 ಎಫ್/1.4 2023ರಲ್ಲಿ ನಿಕಾನ್‌ನ ಮಿರರ್‌ಲೆಸ್ ಸರಣಿ ಜೆಡ್‌ಗೂ ಬಂತು. ಕ್ಯಾನನ್‌ನ ಮಿರರ್‌ಲೆಸ್ ಸರಣಿ ಆರ್‌ಎಫ್‌ನ ಕ್ಯಾಮೆರಾಗಳಿಗೆ ಸಿಗ್ಮಾದ ಕ್ರಾಪ್ ಲೆನ್ಸ್‌ಗಳು ಪ್ರಕಟವಾದದ್ದು 2024ರಲ್ಲಿ.

ಜನರನ್ನು ಬಿಟ್ಟು ಕಟ್ಟಡಕ್ಕೆ ಬಂದರೆ ನನ್ನ ಸಲಹೆ ಬೇರೆ. 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಅಂಕಣಕ್ಕೊಂದು ಬಗೆಯ ಭುವನೇಶ್ವರಿಯ, ಅಂದರೆ ಚಾವಣಿಯ ಕೆತ್ತನೆ ಇದೆ, ಒಳಗೆ ಬೆಳಕು ತೀರಾ ಕಡಿಮೆ, ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಆದರೂ ಅಲ್ಲಿ ಎಫ್/1.4 ಅನಿವಾರ್ಯವಲ್ಲ. ಕಲ್ಲು ಅಲುಗುವುದಿಲ್ಲವಾದ್ದರಿಂದ ಕಂಪನ ನಿರೋಧಕವಿರುವ ಕ್ಯಾಮೆರಾದಲ್ಲಿ ಕಂಬದಿಂದ ತುಸು ದೂರ ನಿಂತು, ಉಸಿರು ಬಿಗಿಹಿಡಿದು, ನಿಧಾನದ ಶಟರ್‌ನಲ್ಲೇ ಸ್ಪಷ್ಟ ಚಿತ್ರ ತೆಗೆಯಬಹುದು. ಇಲ್ಲಿ 260 ಗ್ರಾಂನ ಸಿಗ್ಮಾ 10–18 ಎಫ್/2.8 ಹೆಚ್ಚು ಯೋಗ್ಯ: 10 ಮಿ.ಮೀ., ಎಫ್/2.8ರಲ್ಲಿ ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಒಂದು ಮೀಟರ್‌ನ ಒಳಗಿನಿಂದ ಹಿಡಿದು ಕಣ್ಣು ಹಾಯುವಷ್ಟು ದೂರದವರೆಗೂ ಎಲ್ಲವೂ ಸ್ಪಷ್ಟವಾಗಿರುತ್ತದೆ. 16 ಮಿ.ಮೀ., ಎಫ್/1.4ರಲ್ಲಿ ದೂರದ ಗೋಡೆಯವರೆಗೂ ಸ್ಪಷ್ಟತೆ ಬೇಕೆಂದರೆ ಹತ್ತಿರದ ನಾಲ್ಕೂವರೆ ಮೀಟರ್ ಬಿಟ್ಟುಕೊಡಬೇಕಾಗುತ್ತದೆ. ಅದೇ 10 ಮಿ.ಮೀ. ಚೌಕಿಗೆ ಒಯ್ದರೆ ಅಂಚಿನಲ್ಲಿ ಕುಳಿತವರ ಮುಖವೂ ಮುಂದಲೆಯೂ ಹೊರಕ್ಕೆ ಎಳೆದಂತಾಗುತ್ತವೆ. ಗಂಟೆಗಟ್ಟಲೆ ಕುಳಿತು ಬರೆದುಕೊಂಡ ಮುಖವನ್ನು ಹಾಗೆ ವಿಕಾರಗೊಳಿಸುವುದು ಕಲಾವಿದರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಡಿಎಸ್ಎಲ್ಆರ್ ಬಿಡಲಾಗದವರು ಬಳಸಿದ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಹಿಡಿದು ಗಾಜಿನೊಳಗೆ ಬೂಷ್ಟು ಇದೆಯೇ ಎಂದು ನೋಡಿಕೊಳ್ಳಬೇಕು. ಕರಾವಳಿಯ ತೇವದಲ್ಲಿ ಇದು ತಪ್ಪದ ಕಾಟ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇಂಥ ಸಲಹೆಗಳನ್ನು ಪ್ರಕಟಿಸುವಾಗ ಪ್ರತಿ ಲೆನ್ಸಿನ ಎದುರು ಬೆಲೆ, ಎಫ್ ಸಂಖ್ಯೆಗಳ ಜೊತೆಗೆ ಅದರ ತೂಕವನ್ನೂ ಕ್ರಾಪ್ ಸೆನ್ಸರ್‌ನಲ್ಲಿ ಅದು ಕೊಡುವ ನಿಜವಾದ ನೋಟವನ್ನೂ ನಮೂದಿಸಿ. ಮೊದಲ ಸಂಬಳದಲ್ಲಿ ಕ್ಯಾಮೆರಾ ಕೊಂಡ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಕ್ರಾಪ್ ಸೆನ್ಸರ್ ಕ್ಯಾಮೆರಾವೇ. ಅದನ್ನು ಮಾರಿ ಫುಲ್ ಫ್ರೇಮ್ ಕೊಳ್ಳುವ ಮೊದಲು 200 ಗ್ರಾಂನ ಒಂದು ಒಳ್ಳೆಯ ವೈಡ್ ಲೆನ್ಸನ್ನು ಅದಕ್ಕೆ ಹಾಕಿ ನೋಡುವ ಅವಕಾಶ ಅವರಿಗೆ ತಿಳಿದಿರಲಿ.

ಇಂತಿ,
ಓರ್ವ ಹವ್ಯಾಸಿ ಛಾಯಾಗ್ರಾಹಕ, ಉಡುಪಿ