ಮಗಳಿಗೊಂದು ಪತ್ರ: ಶೇಂಗಾನಿಗೆ ಜೊತೆ ಬೇಕಂತೆ

ಪ್ರೀತಿಯ ಅವ್ವೀ,

ನಿನ್ನ ನಾಯಿ ಶೇಂಗಾನಿಗೆ ಜೊತೆಗೆ ಇನ್ನೊಂದು ನಾಯಿ ತರೋಣ ಅಂತ ನೀನು ಭಾನುವಾರ ಫೋನಿನಲ್ಲಿ ಕೇಳಿದಾಗ ನಾನು "ನೋಡೋಣ" ಅಂದೆ. ನೀನು ಅದನ್ನು "ಆಯ್ತು" ಅಂತ ತಿಳಿದುಕೊಂಡೆ. ಅರ್ಧ ಗಂಟೆಯಲ್ಲಿ ನಿನ್ನ ಮೆಸೇಜ್ ಬಂತು. ಅಪ್ಪ ತಿಮ್ಮಾಪುರದ ನಾಯಿ ಕೇಂದ್ರಕ್ಕೆ ಹೋಗಿ ಮುಧೋಳ ತಳಿಯ ನಾಯಿಮರಿ ನೋಡಿಕೊಂಡು ಬರಬೇಕಂತೆ. ಗಂಡು ಮರಿಯೇ ಆಗಬೇಕಂತೆ, ಕಂದು ಬಣ್ಣದ್ದೇ ಆಗಬೇಕಂತೆ. ನಿನ್ನ ಅಪ್ಪ ಆಗಲೇ ಗಾಡಿ ಕೀಲಿ ಹುಡುಕುತ್ತಿದ್ದರು. ಕೀಲಿ ಈಗ ನನ್ನ ಸೆರಗಿನ ಗಂಟಿನಲ್ಲಿದೆ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಪತ್ರ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ನಿನಗೆ ಚುಕ್ಕಿ ನೆನಪಿದ್ದಾಳಾ? ಎದೆಯ ಮೇಲೆ ಬಿಳಿ ಮಚ್ಚೆ ಇದ್ದ ಹೆಣ್ಣು ನಾಯಿ. 1999ರ ಬೇಸಿಗೆ ರಜೆಗೆ ನೀನು ಅಜ್ಜಿ ಊರಿಗೆ ಹೋಗಿದ್ದೆ. ತಿರುಗಿ ಬಂದಾಗ ಚುಕ್ಕಿ ಇರಲಿಲ್ಲ. "ತೋಟ ಕಾಯಲು ಮಾವನ ಊರಿಗೆ ಕಳಿಸಿದ್ದೇವೆ" ಅಂದೆ. ಅಪ್ಪನ ಅಂಗೈ ಕಟ್ಟು ನೋಡಿ ಏನಾಯಿತು ಅಂತ ಕೇಳಿದೆ. "ಕುಡುಗೋಲು ತಾಗಿತು" ಅಂದೆವು. ಎರಡೂ ಸುಳ್ಳು. ಮಾವನಿಗೆ ಕಾಯುವಂಥ ತೋಟವೇ ಇರಲಿಲ್ಲ, ಇದ್ದದ್ದು ಎರಡು ಎಕರೆ ಜೋಳದ ಹೊಲ.

ನಡೆದದ್ದು ಇದು. ನಮ್ಮ ಇನ್ನೊಂದು ಹೆಣ್ಣು ನಾಯಿ ರಾಣಿ ಮನೆಗೆ ಬಂದು ಐದು ವರ್ಷವಾಗಿತ್ತು. ಅವಳಿಗೂ ಬೇಸರ, ಜೊತೆಗೊಂದು ಇರಲಿ ಅಂತ ಅಪ್ಪ ಎರಡು ತಿಂಗಳ ಚುಕ್ಕಿಯನ್ನು ತಂದರು. ಮಾತು ಕೇಳಿದ ಹಾಗಿದೆ ಅಲ್ವಾ? ಮೊದಲ ವರ್ಷ ನೋಡುವವರ ಕಣ್ಣು ತಾಗುವ ಹಾಗಿದ್ದವು. ಒಂದೇ ಗೋಣಿಚೀಲದ ಮೇಲೆ ಮಲಗುತ್ತಿದ್ದವು. ರಾಣಿಯನ್ನು ನೋಡಿ ಮರಿ ತಾನೇ ಕಲಿಯುತ್ತದೆ ಅಂತ ನಾವು ನಂಬಿದ್ದೆವು. ಕಲಿತಳು, ನಿಜ. ಪೋಸ್ಟ್‌ಮ್ಯಾನ್ ಕಂಡರೆ ಬೊಗಳುವುದು, ಕೋಳಿ ಅಟ್ಟಿಸುವುದು, ಕರೆದರೆ ಬಾರದೇ ಇರುವುದು. ರಾಣಿಗೆ ನಾವು ಕಲಿಸಿದ್ದೇನು ಇತ್ತು, ಅವಳು ಮುಂದೆ ಕಲಿಸಲಿಕ್ಕೆ?

ಚುಕ್ಕಿಗೆ ಒಂದೂವರೆ ವರ್ಷ ತುಂಬುವ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ಬಿಗಿದುಕೊಂಡು ನೋಡತೊಡಗಿದರು. ನಮಗೆ ಅದು ಕಾಣಲಿಲ್ಲ. ಕಂಡರೂ ಆಟ ಅಂದುಕೊಂಡೆವು. ಒಂದು ಮಧ್ಯಾಹ್ನ ಹೊಸ್ತಿಲ ಮೇಲೆ ಯಾರು ಮಲಗಬೇಕು ಅಂತ ಜಗಳ ಹತ್ತಿತು. ರೊಟ್ಟಿ ಇಲ್ಲ, ಎಲುಬಿಲ್ಲ, ಬರೀ ತಂಪು ಹೊಸ್ತಿಲು. ಅಪ್ಪ ನಡುವೆ ಕೈ ಹಾಕಿದರು. ಯಾರು ಕಚ್ಚಿದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಆಗ ನಾವು ಇಬ್ಬರಿಗೂ ಲಸಿಕೆ ಹಾಕಿಸಿರಲಿಲ್ಲ. ಹಾಗಾಗಿ ಅಪ್ಪನಿಗೆ ಆಗಿನ ಕಾಲದ ಹೊಟ್ಟೆಯ ಇಂಜೆಕ್ಷನ್, ದಿನಕ್ಕೊಂದರಂತೆ. ರಾಣಿಯ ಕಿವಿ ಎರಡು ಸೀಳಾಯಿತು. ಅದಾದ ಮೇಲೆ ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ. ಹನ್ನೆರಡು ದಿನ ಹಾಗೆ ನಡೆಸಿದೆವು. ಹದಿಮೂರನೆಯ ದಿನ ಚುಕ್ಕಿಯನ್ನು ಮಾವ ಬಂದು ಕರೆದುಕೊಂಡು ಹೋದ. ಅವಳು ಎತ್ತಿನ ಗಾಡಿಯಲ್ಲಿ ನಿಂತು ನಮ್ಮ ಮನೆಯನ್ನೇ ನೋಡುತ್ತಿದ್ದಳು. ಇಷ್ಟೇ. ಇದರ ಬಗ್ಗೆ ಇನ್ನು ಜಾಸ್ತಿ ಬರೆಯಲಾರೆ.

ಆಮೇಲೆ ನೀನು ಐದನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯೂಸಿಯಂಗೆ ಹೋಗಿದ್ದೆವಲ್ಲ. ಅಲ್ಲಿ ಆತಕೂರಿನ ಕಲ್ಲು ನೋಡಿದೆ. ಹತ್ತನೇ ಶತಮಾನದ್ದು. ಗಂಗರ ದೊರೆ ಬೂತುಗ ತನ್ನ ವೀರ ಮಣಲರನಿಗೆ ಮೆಚ್ಚಿ ಬೇಕಾದ್ದು ಕೇಳು ಅಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯ ಜೊತೆ ಕಾದಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೇ ಆ ಕಲ್ಲು. ನೀನು ಅಲ್ಲೇ ನಿಂತು ಅತ್ತೆ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ "ನಮಗೂ ಒಂದು ನಾಯಿ" ಅಂತ ಒಂದೇ ರಾಗ. ನಾನು ಆಗದು ಅಂದೆ. ರಾಣಿ ಸತ್ತಿದ್ದಳು, ಮತ್ತೆ ನಾಯಿ ತರುವ ಧೈರ್ಯ ನನಗಿರಲಿಲ್ಲ. ಕಾರಣ ಮಾತ್ರ ಹೇಳಿರಲಿಲ್ಲ. ಈಗ ಗೊತ್ತಾಯಿತಲ್ಲ.

ಒಂದು ಮಾತು ಗಮನಿಸು. ರಾಜ ಏನು ಬೇಕಾದರೂ ಕೇಳು ಅಂದಾಗಲೂ ಮಣಲರ ಕೇಳಿದ್ದು ಒಂದೇ ನಾಯಿ!

ಇರಲಿ. ಶೇಂಗಾನ ವಿಷಯಕ್ಕೆ ಬರುತ್ತೇನೆ. ಅವನು ನಿನ್ನ ಮೊದಲ ನಾಯಿ. ಅವನಿಗೆ ಹದಿನಾಲ್ಕು ತಿಂಗಳು. ಲ್ಯಾಬ್ರಡಾರ್ ನೋಡಲು ಈ ವಯಸ್ಸಿಗೆ ಪೂರ್ತಿ ಬೆಳೆದ ನಾಯಿ, ಬುದ್ಧಿ ಮಾತ್ರ ಒಂಬತ್ತನೇ ಕ್ಲಾಸಿನ ಹುಡುಗನದು. ಹದ ಬರಲು ಎರಡು, ಎರಡೂವರೆ ವರ್ಷವಾದರೂ ಬೇಕು. ಹೋದ ತಿಂಗಳು ಬಂದಾಗ ನಾನು ನೋಡಿದೆನಲ್ಲ. ಲಿಫ್ಟ್ ಬಾಗಿಲು ತೆರೆದ ಕೂಡಲೇ ಅವನು ಮುಂದೆ, ನೀನು ಗಾಳಿಪಟದ ಬಾಲದ ಹಾಗೆ ಹಿಂದೆ. ನಿನ್ನ ತೂಕ 52 ಕೆಜಿ, ಅವನದು 31. ಮುಧೋಳ ಗಂಡು ಬೆಳೆದರೆ 25 ಕೆಜಿ ಸುತ್ತಮುತ್ತ. ಎರಡೂ ಒಂದೇ ಬೆಕ್ಕನ್ನು ಕಂಡವು ಅಂತ ಇಟ್ಟುಕೋ. ಲೆಕ್ಕ ನೀನೇ ಮಾಡು, ಇಂಜಿನಿಯರ್ ನೀನು.

ನಮ್ಮೂರಿನ ನಾಯಿಯನ್ನು ನಾನು ಹೊಗಳಬೇಕೋ ಬೈಯಬೇಕೋ ಗೊತ್ತಾಗುತ್ತಿಲ್ಲ. ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೊತೆ ಮರಿ ಕೊಟ್ಟರು ಅಂತ ನಿನ್ನ ಅಪ್ಪ ಬಂದವರಿಗೆಲ್ಲ ಹೇಳುತ್ತಾರೆ. ಕೊಟ್ಟದ್ದು ನಿಜ. ಆದರೆ ಆ ದೊರೆಗೆ ಮೂರನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಮನೆ ಇರಲಿಲ್ಲ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಅಲ್ಲಾಡಿದರೆ ಸಾಕು, ಮೊದಲು ಓಡುತ್ತದೆ, ಆಮೇಲೆ ನಿನ್ನ ಕೂಗು ಕಿವಿಗೆ ಬೀಳುತ್ತದೆ. ನಿನ್ನ ಮನೆಯಿಂದ ರಿಂಗ್ ರೋಡು ಎಷ್ಟು ದೂರ? ಹೊರಗಿನವರು ಮುಟ್ಟಿದರೆ ಅದಕ್ಕೆ ಸರಿಬರುವುದಿಲ್ಲ. ಮರಿಯಿದ್ದಾಗಲೇ ಜನ, ಗದ್ದಲ ಎಲ್ಲ ರೂಢಿ ಮಾಡಿಸದಿದ್ದರೆ ದೊಡ್ಡದಾದ ಮೇಲೆ ಹೆದರುಬುರುಕ ಆಗುತ್ತದೆ. ಆ ಕೆಲಸಕ್ಕೆ ದಿನಾ ಸಮಯ ಬೇಕು. ಅದೇ ಹೊತ್ತಿಗೆ ಶೇಂಗಾನಿಗೂ ನಿನ್ನ ಸಮಯ ಬೇಕು.

ಇನ್ನೊಂದು, ಇವರಿಬ್ಬರ ಆಟವೇ ಬೇರೆ. ಶೇಂಗಾ ಮೈಮೇಲೆ ಬಿದ್ದು ಡಿಕ್ಕಿ ಹೊಡೆದು ಆಡುವವನು. ಮುಧೋಳದ್ದು ಓಡು, ಹಿಡಿ ಎಂಬ ಆಟ. ಅದರ ಚರ್ಮ ತೆಳು, ಮೈಮೇಲೆ ಕೊಬ್ಬಿಲ್ಲ, ಸಣ್ಣ ಗೀರಿಗೂ ಹರಿಯುತ್ತದೆ. ಮೇಲೆ ನೀನು ಕೇಳುತ್ತಿರುವುದು ಗಂಡು ಮರಿ. ಮನೆಯಲ್ಲಿರುವವನೂ ಗಂಡು. ನಾವು ಎರಡು ಹೆಣ್ಣು ಇಟ್ಟು ಪಾಠ ಕಲಿತೆವು. ಗಂಡು, ಹೆಣ್ಣು ಜೋಡಿಯಾದರೆ ಕಚ್ಚಾಟ ಕಡಿಮೆ, ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ದರೆ ಮಾತ್ರ. ಇಲ್ಲದಿದ್ದರೆ ಎರಡು ಹೋಗಿ ಹತ್ತಾದೀತು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ, ನೀನು ದುಡಿಯುವವಳು. ಆದರೂ ಊಟ ಎರಡರಷ್ಟು, ಲಸಿಕೆ ಎರಡರಷ್ಟು, ಊರಿಗೆ ಬರುವಾಗ ಬೋರ್ಡಿಂಗ್ ಎರಡರಷ್ಟು. ಹೋದ ವರ್ಷ ಶೇಂಗಾನಿಗೆ ಉಣ್ಣಿ ಜ್ವರ ಬಂದು ನೀನು ವಾರ ಆಫೀಸಿಗೆ ಹೋಗಲಿಲ್ಲ. ಉಣ್ಣಿ ಒಂದು ನಾಯಿಯಿಂದ ಇನ್ನೊಂದಕ್ಕೆ ಹತ್ತಲು ನಿನ್ನ ಅನುಮತಿ ಕೇಳುವುದಿಲ್ಲ. ಅಸೋಸಿಯೇಷನ್‌ನವರ ವಿಷಯ ಬಿಡು. ನಾಯಿ ಸಾಕಬೇಡಿ, ಲಿಫ್ಟ್ ಹತ್ತಿಸಬೇಡಿ ಅನ್ನುವ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯೇ ಹೇಳಿದೆ. 2018ರಲ್ಲಿ ಬಿಬಿಎಂಪಿ ಫ್ಲಾಟಿಗೆ ಒಂದೇ ನಾಯಿ ಅಂತ ನಿಯಮ ತರಲು ಹೋಗಿ, ಜನ ಗಲಾಟೆ ಎಬ್ಬಿಸಿದ ಮೇಲೆ ಹಿಂದೆ ಸರಿಯಿತು. ಕಾನೂನು ನಿನ್ನ ಕಡೆ ಇರಬಹುದು. ಕೆಳಗಿನ ಮನೆಯ ಅಜ್ಜಿ ಯಾರ ಕಡೆ ಅಂತ ನಿನಗೇ ಗೊತ್ತು.

ನನಗೆ ನಿಜವಾಗಿ ಚುಚ್ಚಿದ್ದು ಇದ್ಯಾವುದೂ ಅಲ್ಲ. "ಅವನಿಗೆ ಬೇಸರ ಆಗುತ್ತೆ ಅಮ್ಮ, ಒಬ್ಬನೇ ಇರ್ತಾನೆ" ಅಂದೆಯಲ್ಲ, ಆ ಮಾತು. ಅವನಿಗೆ ಬೇಕಾಗಿರುವುದು ಇನ್ನೊಂದು ನಾಯಿಯಾ, ನೀನಾ? ನೀನು ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬಂದರೆ ಒಂದು ನಾಯಿಯ ಬದಲು ಎರಡು ನಾಯಿ ಬಾಗಿಲು ನೋಡುತ್ತಾ ಕೂರುತ್ತವೆ. ಒಂಟಿ ಬಿಟ್ಟರೆ ಊಳಿಡುವ ನಾಯಿ ಜೊತೆ ಸಿಕ್ಕ ಮೇಲೂ ಊಳಿಡುವುದುಂಟು. ಕೆಲವೊಮ್ಮೆ ಮರಿಗೂ ಕಲಿಸುತ್ತದೆ. ಸುಮ್ನೆ ಒಂದು ದಿನ ಹಳೆಯ ಫೋನನ್ನು ಕಪಾಟಿನ ಮೇಲೆ ಇಟ್ಟು ವಿಡಿಯೋ ಮಾಡು. ಇಡೀ ದಿನ ಮಲಗಿದ್ದರೆ ಅವನಿಗೆ ಬೇಸರವಿಲ್ಲ, ನಿನಗೆ ಪಾಪಪ್ರಜ್ಞೆ ಇದೆ. ಸೋಫಾ ಹರಿಯುತ್ತಿದ್ದರೆ ಮಧ್ಯಾಹ್ನ ಒಬ್ಬ ಹುಡುಗನನ್ನು ವಾಕಿಂಗ್‌ಗೆ ಗೊತ್ತು ಮಾಡು. ಮರಿಗಿಂತ ಅದು ಅಗ್ಗ.

ನಿನಗೇ ಇನ್ನೊಂದು ನಾಯಿ ಬೇಕು ಅನ್ನಿಸಿದ್ದರೆ ಅದು ಬೇರೆ ಮಾತು. ಹಾಗಂತ ನೇರವಾಗಿ ಹೇಳು, ಶೇಂಗಾನ ಹೆಗಲ ಮೇಲೆ ಹಾಕಬೇಡ. ಆಗಲೂ ಇನ್ನೊಂದು ವರ್ಷ ಕಾಯಬೇಕು. ಹಗ್ಗ ಸಡಿಲ ಬಿಟ್ಟರೂ ಅವನು ನಿನ್ನ ಪಕ್ಕ ನಡೆಯಬೇಕು. ಕರೆದಾಗ ಬೆಕ್ಕನ್ನು ಬಿಟ್ಟು ಬರಬೇಕು. ಆಮೇಲೆ ಮರಿಯೇ ಯಾಕೆ? ದಿಕ್ಕಿಲ್ಲದ ಪ್ರಾಣಿಗಳನ್ನು ನೋಡಿಕೊಳ್ಳುವ ಕ್ಯೂಪಾದಂಥ ಸಂಸ್ಥೆಗಳಲ್ಲಿ ಮೂರು ನಾಲ್ಕು ವರ್ಷದ, ಆಪರೇಷನ್ ಆದ, ಸ್ವಭಾವ ಗೊತ್ತಿರುವ ಹೆಣ್ಣು ನಾಯಿಗಳು ಮನೆಗಾಗಿ ಕಾಯುತ್ತಿರುತ್ತವೆ. ಅಂಥದ್ದನ್ನು ತಂದರೆ ನೇರ ಮನೆಯೊಳಗೆ ಬಿಡಬೇಡ. ಬೀದಿಯಲ್ಲಿ ಎರಡನ್ನೂ ಅಕ್ಕಪಕ್ಕ ದೂರದಲ್ಲಿ ನಡೆಸಿ, ಆಮೇಲೆ ಹತ್ತಿರ ತಾ. ತಟ್ಟೆ ಬೇರೆ, ಹಾಸಿಗೆ ಬೇರೆ, ದಿನಕ್ಕೊಮ್ಮೆಯಾದರೂ ವಾಕಿಂಗ್ ಬೇರೆ ಬೇರೆ. ಜಗಳ ಹತ್ತಿದರೆ ಬಕೆಟ್ ನೀರು ಸುರಿ, ಕಂಬಳಿ ಎಸೆ, ಕುರ್ಚಿ ನಡುವೆ ತೂರಿಸು. ಕೈ ಮಾತ್ರ ಹಾಕಬೇಡ. ಅಪ್ಪನ ಎಡಗೈ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ, ನೋಡಿದ್ದೀಯಲ್ಲ.

ಒಂದು ಏರ್ಪಾಡು ಮಾಡಿದ್ದೇನೆ. ದಸರಾಕ್ಕೆ ಶೇಂಗಾನನ್ನು ಕಾರಿನಲ್ಲಿ ಕರೆದುಕೊಂಡು ಬಾ. ಪಕ್ಕದ ಹೊಲದವರ ಹತ್ತಿರ ಎರಡು ವರ್ಷದ ಮುಧೋಳ ಹೆಣ್ಣು ಇದೆ. ಆಪರೇಷನ್ ಆಗಿದೆ, ಲಸಿಕೆ ಆಗಿದೆ, ನಾನೇ ಕೇಳಿ ತಿಳಿದುಕೊಂಡೆ. ಒಂದು ವಾರ ನಮ್ಮ ಮನೆಯಲ್ಲಿರಲು ಒಪ್ಪಿಸಿದ್ದೇನೆ. ಆ ವಾರ ಎರಡೂ ನಿನ್ನವು. ಬೆಳಿಗ್ಗೆ ಐದಕ್ಕೆ ಏಳುವುದು ನೀನು, ಅಂಗಳ ತೊಳೆಯುವುದು ನೀನು, ಎರಡು ತಟ್ಟೆ ಕಾಯುವುದು ನೀನು. ನಾನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತೇನೆ. ಅಪ್ಪನನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ವಾರ ಮುಗಿದ ಮೇಲೆ ತಿಮ್ಮಾಪುರದ ಮಾತು ಎತ್ತು, ಕೀಲಿ ಕೊಡುತ್ತೇನೋ ಇಲ್ಲವೋ ಆಗ ನೋಡೋಣ. ಈ ಸಲದ "ನೋಡೋಣ" ಅಂದರೆ ನೋಡೋಣ ಅಂತಲೇ ಅರ್ಥ.

ಬರುವಾಗ ಗಟ್ಟಿಯಾದ ಲೀಶ್ ಎರಡು ತಾ. ಇಲ್ಲಿ ನಮ್ಮ ಹತ್ತಿರ ಇರುವುದು ಎಮ್ಮೆ ಕಟ್ಟುವ ಹಗ್ಗ ಮಾತ್ರ.

ನಿನ್ನ
ಅವ್ವ