ಬಾಗಿದ 22 ಪಕ್ಕೆಗಳ ಋಣ

ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿ ಘಟಪ್ರಭೆಯ ಹಿನ್ನೀರು ಹಳೆ ಬಾಗಲಕೋಟೆಯ ಅಂಚಿಗೆ ಬಂದು ನಿಂತ ಹೊತ್ತಿನಲ್ಲಿ, ನಾವು ಕಟ್ಟಿದ 14 ಅಡಿಯ ದೋಣಿ ನೀರಿಗಿಳಿಯಿತು. ಹಲಗೆ ಜೋಡಿಸುವುದು, ಸಂದು ಮುಚ್ಚುವುದು ಹೇಗೋ ಸಾಗಿತ್ತು. ಒಂದು ವರ್ಷಕ್ಕೂ ಮೇಲ್ಪಟ್ಟು ನನ್ನನ್ನು ತಡೆದು ನಿಲ್ಲಿಸಿದ್ದು ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಪಟ್ಟಿಗಳನ್ನು, ಅಂದರೆ 22 ಪಕ್ಕೆಗಳನ್ನು ಬಾಗಿಸುವ ಕೆಲಸ. ಅವು ಯಾರ ಯಾರ ಋಣದಲ್ಲಿವೆ ಎಂಬುದನ್ನು ಹೇಳದಿದ್ದರೆ ತಪ್ಪಾದೀತು.

ಮೊದಲ ತಪ್ಪು ನನ್ನದೇ. ಮುಳುಗಡೆಯಾದ ನಮ್ಮ ಮನೆಯಿಂದ ಬಿಚ್ಚಿ ತಂದಿದ್ದ ಸಾಗವಾನಿ ತೊಲೆಗಳು ನವನಗರದ ಹಿತ್ತಲಲ್ಲಿ ಬಿದ್ದಿದ್ದವು. ಮನೆಯನ್ನು ನುಂಗಿದ ನೀರಿನ ಮೇಲೆ ಅವೇ ತೇಲಬೇಕೆಂಬ ಹಟದಿಂದ ಅವುಗಳನ್ನು ಸೀಳಿಸಿ, ಉಗಿಯಲ್ಲಿಟ್ಟು ಬಾಗಿಸಹೋದೆ. 9 ಪಟ್ಟಿಗಳು ಮುರಿದವು. ಮುರಿದ ತುಂಡೊಂದನ್ನು ಕೈಯಲ್ಲಿ ತಿರುಗಿಸಿ ನೋಡಿದ ಬಡಿಗೇರ ಕಾಕಾ, ‘ಇದು ಅಜ್ಜ ಆಗೇತ್ರಿ ಮಾಸ್ತರ, ಅಜ್ಜನ್ನ ಬಗ್ಗಸಬ್ಯಾಡ್ರಿ. ಹಸಿ ಜಾಲಿ ತರ್ರಿ’ ಎಂದರು. ಕಟ್ಟಿಗೆಯ ನಾರುಗಳನ್ನು ಅಂಟಿನಂತೆ ಹಿಡಿದಿರುವ ಲಿಗ್ನಿನ್, ಶಾಖ ಮತ್ತು ತೇವ ಎರಡೂ ಕೂಡಿದರೆ ಮಾತ್ರ ಚೆನ್ನಾಗಿ ಮೆತ್ತಗಾಗುತ್ತದೆ. ದಶಕಗಳಿಂದ ಒಣಗಿದ ತೊಲೆಯ ಒಡಲಿಗೆ ಒಂದು ತಾಸಿನ ಉಗಿ ತೇವವನ್ನು ಮರಳಿಸಲಾರದು. ಪುಸ್ತಕ ಓದಿದ ನನಗೆ ತಿಳಿಯದ್ದು ಅವರಿಗೆ ಬೆರಳಲ್ಲೇ ತಿಳಿದಿತ್ತು. ಗಂಟಿಲ್ಲದ, ನೇರ ಎಳೆಯ ಜಾಲಿ ದಿಮ್ಮಿಗಾಗಿ ರಾಶಿಯನ್ನೆಲ್ಲ ಉರುಳಿಸಿ ಹುಡುಕಿಕೊಟ್ಟ ಸಾಮಿಲ್ಲಿನ ಹುಡುಗರಿಗೂ ನಾನು ಕೃತಜ್ಞ.

ಖಾನಾವಳಿಯ ಅಕ್ಕನವರು ತಮ್ಮ ದೊಡ್ಡ ಹಂಡೆಯನ್ನು ಎರಡು ತಿಂಗಳು ಬಿಟ್ಟುಕೊಟ್ಟಿದ್ದಲ್ಲದೆ, ಉಗಿ ಹೊರಹೋಗದಂತೆ ನಾನು ಬಿಗಿದು ಮುಚ್ಚಿದ್ದ, ಪಕ್ಕೆ ಬೇಯಿಸುವ ಕಟ್ಟಿಗೆಯ ಪೆಟ್ಟಿಗೆಯನ್ನು ಕಂಡು ಚೆನ್ನಾಗಿ ಬೈದರು. ಕಡಬಿನ ಪಾತ್ರೆಗೂ ಉಗಿ ಹೋಗಲು ದಾರಿ ಬೇಕೆಂಬ ಅವರ ಮಾತು ನೂರಕ್ಕೆ ನೂರು ಸರಿ: ಬೇಕಾದದ್ದು ಒತ್ತಡವಲ್ಲ, ನೂರು ಡಿಗ್ರಿಯ ಹಸಿ ಶಾಖ, ಮುಚ್ಚಿದ ಪೆಟ್ಟಿಗೆ ಸಿಡಿದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆದರೂ ಹಸಿ ಜಾಲಿಯೂ ಹೊರಮೈಯಲ್ಲಿ ಸೀಳುತ್ತಿತ್ತು. ಬೆಂದ ಕಟ್ಟಿಗೆ ಒತ್ತಿದರೆ ನೂರಕ್ಕೆ 25ರಷ್ಟಾದರೂ ಕುಗ್ಗಬಲ್ಲದು, ಎಳೆದರೆ ಒಂದೆರಡು ಪಾಲಿಗಿಂತ ಹೆಚ್ಚು ಹಿಗ್ಗದು. ಕಮ್ಮಾರ ಅಣ್ಣನವರು ತೆಳುವಾದ ಉಕ್ಕಿನ ಪಟ್ಟಿಯೊಂದಕ್ಕೆ ಎರಡೂ ತುದಿಯಲ್ಲಿ ತಡೆಗಳನ್ನು ಬೆಸೆದುಕೊಟ್ಟರು. ಹೊರಮೈಗೆ ಆ ಪಟ್ಟಿ ಅಪ್ಪಿಕೊಂಡಿದ್ದರೆ ಎಳೆತವೆಲ್ಲ ಉಕ್ಕಿಗೆ ಹೋಗಿ, ಕಟ್ಟಿಗೆ ಒಳಕ್ಕೆ ಕುಗ್ಗುತ್ತ ಬಾಗುತ್ತದೆ. 20 ಮಿಲಿಮೀಟರ್ ದಪ್ಪದ ಪಕ್ಕೆಯನ್ನು 50 ನಿಮಿಷ ಬೇಯಿಸಿ, ಗೋಣಿತಟ್ಟು ಸುತ್ತಿದ ಕೈಗಳಿಂದ ಹೊರಗೆಳೆದು, ಅಚ್ಚಿನ ಮೇಲಿಟ್ಟು, ಕಾಕಾ ಹದಿನೈದು ಎಣಿಸುವುದರೊಳಗೆ ಮೂವರೂ ಕೂಡಿ ಬಾಗಿಸಿ ಬಿಗಿಯಬೇಕಿತ್ತು. ಇಪ್ಪತ್ತು ಎಣಿಸಿದ ದಿನ ಒಂದು ಪಕ್ಕೆ ಅರ್ಧಕ್ಕೇ ಬಿರುಸಾಗಿ ನಿಂತಿತು. ಬಿಟ್ಟಾಗ ತುಸು ಹಿಂದಕ್ಕೆ ನೆಟ್ಟಗಾಗುತ್ತದೆಂದು ಅಚ್ಚನ್ನೇ ಬೇಕಾದದ್ದಕ್ಕಿಂತ ಹೆಚ್ಚು ಬಾಗಿಸಿದ್ದೂ ಅವರ ಸಲಹೆ. ಜಾಲಿಯ ಒಗರು ಒದ್ದೆ ಉಕ್ಕಿನ ಪಟ್ಟಿಗೆ ತಾಕಿ ಮೊದಲ ಆರು ಪಕ್ಕೆಗಳ ಮೇಲೆ ಕಾಡಿಗೆಯಂಥ ಕಪ್ಪು ಮೂಡಿದೆ. ನನ್ನ ಹಳೆಯ ಧೋತರ ಹರಿದು ನಡುವೆ ಹಾಸಿದವಳು ನನ್ನ ಹೆಂಡತಿ, ಅದೂ ನನ್ನನ್ನು ಕೇಳದೆ.

ದೋಣಿಯನ್ನು ಮೊದಲು ಹತ್ತಿ ಓಲಾಡಿಸಿ ನೋಡಿದ ಅಂಬಿಗರ ಹಿರಿಯರಿಗೂ, ಹೊತ್ತು ತಂದ ಓಣಿಯ ಎಲ್ಲರಿಗೂ ನಮಸ್ಕಾರಗಳು. ಅಜ್ಜ ತೊಲೆ ವ್ಯರ್ಥವಾಗಲಿಲ್ಲ. ಬಾಗುವ ಅಗತ್ಯವಿಲ್ಲದ ಎರಡು ಕೂರುಹಲಗೆಗಳು ಅದರವೇ. ಒಂದರಲ್ಲಿ ನಮ್ಮ ತೊಟ್ಟಿಲು ತೂಗುತ್ತಿದ್ದ ಕೊಂಡಿಯ ತೂತು ಉಳಿದಿದೆ. ಕಾಕಾ ಅದನ್ನು ಮುಚ್ಚಗೊಡಲಿಲ್ಲ, ಈಗ ಅದರಲ್ಲಿ ಹುಟ್ಟಿನ ಹಗ್ಗ ಕಟ್ಟುತ್ತೇವೆ.