ವಿಷಯ: ಸಿಗರೇಟ್ ಲೈಟರಿನ ವೈರಿಗೆ ಸಿಕ್ಕಿಸಿದ ನಿಮ್ಮ ಪವರ್ ಬಾಕ್ಸ್ ಮತ್ತು ನನ್ನ 46,500 ರೂಪಾಯಿ

ಗ್ಯಾರೇಜಿನ ಮಾಲೀಕರಿಗೆ,

ನಮಸ್ಕಾರ. ಆರು ಸಲ ಫೋನ್ ಮಾಡಿದ್ದೇನೆ. ಮೂರು ಸಲ ‘ಸರ್ ಮೀಟಿಂಗ್‌ನಲ್ಲಿದ್ದಾರೆ’, ಎರಡು ಸಲ ‘ನಾವೇ ಮಾಡ್ತೀವಿ’. ಆರನೇ ಸಲ ಫೋನನ್ನು ಮೇಜಿನ ಮೇಲಿಟ್ಟು ಊಟಕ್ಕೆ ಕೂತರು, ಡಬ್ಬಿ ತೆರೆದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಕೋಪ ಮಾಡಿಕೊಳ್ಳದೆ ಬರೆಯಿರಿ ಅಂತ ನಮ್ಮ ಮನೆಯವಳು ಹೇಳಿದ್ದಾಳೆ. ಪ್ರಯತ್ನ ಮಾಡುತ್ತೇನೆ.

ಗಾಡಿ ನೆನಪಿರಬೇಕು. 2003ರ ಡೀಸೆಲ್ ವ್ಯಾನ್, ಒಳಗೆ ಮಂಚ, ಒಲೆ, ಸಿಂಕ್ ಹಾಕಿಸಿ ಆರ್‌ಟಿಒ ದಾಖಲೆಯಲ್ಲೂ ಬರೆಸಿದ ಮೋಟರ್‌ಹೋಮ್. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆ, ಎಂಜಿನ್ ನಡೆಸುವ ಕಂಪ್ಯೂಟರ್ ಇಲ್ಲ. ನೂರು ಲೀಟರ್ ನೀರು ತುಂಬಿದರೆ ಅದೇ ನೂರು ಕೆಜಿ, ಅದರ ಮೇಲೆ ಇವಳ ಸ್ಟೀಲ್ ಪಾತ್ರೆಗಳು. ಘಾಟಿ ಹತ್ತಲು ಸ್ವಲ್ಪ ದಮ್ಮು ಬೇಕು, ಅಷ್ಟೇ ನಾನು ಕೇಳಿದ್ದು. ನೀವು 38,000ಕ್ಕೆ ಒಂದು ‘ಪವರ್ ಬಾಕ್ಸ್’, 8,500ಕ್ಕೆ ‘ಪಂಪ್ ಟ್ಯೂನಿಂಗ್’ ಅಂತ ಹಾಕಿ, ಶೇಕಡಾ 30 ಪವರ್ ಜಾಸ್ತಿ ಅಂತ ಬಿಲ್ ಮೇಲೇ ಬರೆದುಕೊಟ್ಟಿರಿ.

ಧರ್ಮಸ್ಥಳ ಮುಗಿಸಿ ಚಾರ್ಮಾಡಿ ಹತ್ತಿದೆವು. ಹಿಂದೆ ಕಪ್ಪು ಹೊಗೆ, ಮುಂದೆ ಟೆಂಪರೇಚರ್ ಮುಳ್ಳು ಕೆಂಪಿಗೆ. ಎರಡನೇ ಗೇರಿನಿಂದ ಮೇಲೇಳಲಿಲ್ಲ. ತುಂಬಿದ ಕೆಂಪು ಬಸ್ಸೊಂದು ನಮ್ಮನ್ನು ದಾಟಿಕೊಂಡು ಹೋಯಿತು, ಕಂಡಕ್ಟರ್ ಪಾಪ ಕೈಯನ್ನೂ ಬೀಸಿದರು. ಎರಡು ತಿರುವಿಗೊಮ್ಮೆ ನಿಲ್ಲಿಸಿ, ತಣ್ಣಗಾಗಲು ಕಾದು, ಕೊಟ್ಟಿಗೆಹಾರ ಸೇರುವಷ್ಟರಲ್ಲಿ ನೀರ್‌ದೋಸೆ ಖಾಲಿ. ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಲ್ಲ.

ಈಗ, ಗಾಡಿಯನ್ನು ವಾಪಸ್ ನಿಮ್ಮಲ್ಲಿಗೆ ತಂದ ಆ ಶನಿವಾರದ ವಿಷಯ. ಟೋಕನ್ 14, ಒಂದೂವರೆ ಗಂಟೆ ಕಾದೆವು. ಕೌಂಟರಿನಲ್ಲಿದ್ದ ನಿಮ್ಮ ಹುಡುಗ ಟ್ಯಾಬ್‌ನಿಂದ ತಲೆ ಎತ್ತದೆ ‘ಏನ್ ಅಂಕಲ್ ಪ್ರಾಬ್ಲಮ್ಮು?’ ಅಂದ. ಪಿಕಪ್ ಇಲ್ಲ, ಹೊಗೆ ಬರ್ತಿದೆ ಅಂದೆ. ‘ನೀವು ಗೇರ್ ಸರಿಯಾಗಿ ಹಾಕ್ತಿಲ್ಲ ಅನ್ಸುತ್ತೆ.’ ನಾನು ಗಾಡಿ ಓಡಿಸಲು ಶುರು ಮಾಡಿ 41 ವರ್ಷ ಆಯಿತು ಅಂದೆ. ‘ಅದೇ ಅಂಕಲ್, ಹಳೇ ಅಭ್ಯಾಸ’ ಅಂದ. ಪಕ್ಕದ ಸೋಫಾದಲ್ಲಿದ್ದ ಇಬ್ಬರು ನಕ್ಕರು. ಒಬ್ಬರ ಕೈಯಲ್ಲಿ ನೀವು ಕೊಟ್ಟ ಬಿಟ್ಟಿ ಕಾಫಿ, ನಮಗೆ ಅದನ್ನೂ ಕೇಳಲಿಲ್ಲ. ಆಮೇಲೆ ಹೊರಗೆ ಬಂದು, ಡ್ಯಾಶ್‌ಬೋರ್ಡ್ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟು, ‘ನೋಡಿ ಅಂಕಲ್, ಬಾಕ್ಸ್‌ನಲ್ಲಿ ಹಸಿರು ದೀಪ ಉರೀತಿದೆ. ಅಂದ್ರೆ ಪವರ್ ಬರ್ತಿದೆ’ ಅಂದ. ಯಾವ ಪವರಪ್ಪಾ ಅಂತ ಕೇಳಿದೆ. ಅದಕ್ಕವನು ನನ್ನನ್ನು ಬಿಟ್ಟು ಇವಳ ಕಡೆ ತಿರುಗಿ, ಕಿವಿ ಕೇಳಿಸದವರ ಮನೆಯವರಿಗೆ ಹೇಳುವ ಹಾಗೆ, ‘ಆಂಟಿ, ಮನೇಲಿ ಯಾರಾದ್ರೂ ಹುಡುಗರಿದ್ರೆ ಕಳ್ಸಿ, ಅವರಿಗೆ ಅರ್ಥ ಮಾಡಿಸ್ತೀನಿ’ ಅಂದ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ನಾಯಂಡಹಳ್ಳಿ ಸಿಗ್ನಲ್ ಹತ್ತಿರ ಇವಳು ‘ಹೋಗ್ಲಿ ಬಿಡಿ’ ಅಂದಳು. ಅದು ಇನ್ನೂ ಚುಚ್ಚಿತು.

ಅವನು ಹೇಳಿದ್ದು ಒಂದು ಲೆಕ್ಕಕ್ಕೆ ನಿಜ. ದೀಪ ಉರೀತಿತ್ತು, ಯಾಕಂದರೆ ಬಾಕ್ಸಿನ ವೈರನ್ನು ಸಿಗರೇಟ್ ಲೈಟರಿನ ವೈರಿಗೆ ಸುತ್ತಿ ಟೇಪ್ ಅಂಟಿಸಿದ್ದೀರಿ. ಇನ್ನೊಂದು ತುದಿ ಎಲ್ಲಿಗೂ ಹೋಗಿಲ್ಲ, ಸುಮ್ನೆ ನೇತಾಡುತ್ತಿದೆ. ಹೋಗುವುದಾದರೂ ಎಲ್ಲಿಗೆ? ಇಂಥ ಬಾಕ್ಸು ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಡೀಸೆಲ್ ಜಾಸ್ತಿ ಬಿಡಿಸುವುದು. ನನ್ನ ಗಾಡಿಯಲ್ಲಿ ಕಂಪ್ಯೂಟರೇ ಇಲ್ಲ, ಡೀಸೆಲ್ ಬಿಡುವುದು ಮೆಕ್ಯಾನಿಕಲ್ ಪಂಪು.

ಇದನ್ನು ತೋರಿಸಿದ್ದು ಕಲಾಸಿಪಾಳ್ಯದಲ್ಲಿ ಡೀಸೆಲ್ ಪಂಪ್ ಕೆಲಸ ಮಾಡುವ ಒಬ್ಬ ಯಜಮಾನರು. ಎಂಜಿನ್ ಆಫ್ ಮಾಡಿಸಿ, ನನಗೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯಲು ಹೇಳಿ, ಪಂಪಿನ ಲಿವರ್ ನೋಡಿದರು. ಕೇಬಲ್ ಸಡಿಲ, ಲಿವರ್ ಕೊನೆಯವರೆಗೆ ಹೋಗುತ್ತಲೇ ಇರಲಿಲ್ಲ. ಟರ್ಬೊದಿಂದ ಗಾಳಿ ಹೋಗುವ ರಬ್ಬರ್ ಹೋಸ್ ಸೀಳಿತ್ತು, ಏರ್ ಫಿಲ್ಟರ್ ತುಂಬ ಕೆಂಪು ಮಣ್ಣು. ಅದರ ಮೇಲೆ ನೀವು ‘ಟ್ಯೂನಿಂಗ್’ ಅಂತ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟಿದ್ದೀರಿ! ಗಾಳಿಯೇ ಇಲ್ಲದ ಕಡೆ ಡೀಸೆಲ್ ಸುರಿದರೆ ಬರುವುದು ಹೊಗೆ ಮತ್ತು ಬಿಸಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಪಿಸ್ಟನ್ ಅದರದ್ದೇ. ಸೈಲೆನ್ಸರ್ ಕಡೆ ಹೋಗುವ ಹೊಗೆಯ ಬಿಸಿ ಅಳೆಯಲು ಒಂದು ಮೀಟರಾದರೂ ಹಾಕಬೇಕಿತ್ತಲ್ವಾ? ಯಜಮಾನರು ಸ್ಕ್ರೂವನ್ನು ಹಳೇ ಗುರುತಿಗೆ ತಂದು, ಹೋಸ್, ಫಿಲ್ಟರ್, ಕೇಬಲ್ ಸೇರಿ 2,350 ತಗೊಂಡರು. ಮೊನ್ನೆ ನಂದಿ ಬೆಟ್ಟ ಹತ್ತಿಸಿದೆ, ಮುಳ್ಳು ಅಲುಗಲಿಲ್ಲ. ಕಾಫಿಯನ್ನೂ ಅವರೇ ಕೊಡಿಸಿದರು.

ಅಂದಹಾಗೆ, ನಿಮ್ಮ ಕೈಯಿಂದ ಬಂದ ಮೇಲೆ ಹೊಗೆ ತಪಾಸಣೆಯಲ್ಲಿ ಗಾಡಿ ಫೇಲ್. ಹೊಗೆಯ ದಟ್ಟಣೆಗೆ ಇಂಥ ಹಳೇ ಡೀಸೆಲ್ ಗಾಡಿಗೆ ಮಿತಿ 65, ನನಗೆ ಬಂದದ್ದು 84. ಚೀಟಿ ಇಟ್ಟಿದ್ದೇನೆ.

ನಿಮ್ಮ ಬಿಲ್ಲಿನ ಹಿಂಭಾಗದಲ್ಲಿರುವ, ಹಣ ವಾಪಸಿನ ಏಳನೇ ನಿಯಮ ನಿಮಗೆ ಗೊತ್ತೇ ಇರುತ್ತದೆ, ನೀವೇ ಅಚ್ಚು ಹಾಕಿಸಿದ್ದು. ಅದರ ಪ್ರಕಾರ 46,500 ವಾಪಸ್ ಮಾಡಿ. ಬರುವ ಶುಕ್ರವಾರದವರೆಗೆ ಕಾಯುತ್ತೇನೆ. ಇಲ್ಲದಿದ್ದರೆ ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು, ಆಮೇಲೆ ಗ್ರಾಹಕರ ಆಯೋಗಕ್ಕೆ ದೂರು. ಬಾಕ್ಸನ್ನು ಬಿಚ್ಚಿಲ್ಲ, ನೇತಾಡುವ ವೈರಿನ ಸಮೇತ ಅವರಿಗೇ ತೋರಿಸುತ್ತೇನೆ.

ಅದಕ್ಕೂ ಮುಂಚೆ ಶನಿವಾರ ಬೆಳಿಗ್ಗೆ ನಿಮ್ಮ ಗೇಟಿನ ಎದುರು ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸುತ್ತೇವೆ. ನಮ್ಮದು ಮನೆ ಇರುವ ಗಾಡಿ, ನೆನಪಿರಲಿ. ಮಂಚ ಇದೆ, ನೂರು ಲೀಟರ್ ನೀರಿದೆ, ಇವಳು ಉಪ್ಪಿಟ್ಟಿಗೆ ರವೆ ಹುರಿದಿಟ್ಟಿದ್ದಾಳೆ. ಟೋಕನ್ 15, 16 ಅಂತ ಬರುವ ನಿಮ್ಮ ಗಿರಾಕಿಗಳಿಗೆಲ್ಲ ಕಾಫಿ ಕೊಟ್ಟು ಆ ಹಸಿರು ದೀಪ ತೋರಿಸುತ್ತೇನೆ. ಎಷ್ಟು ದಿನ ಅಂತ ಕೇಳಬೇಡಿ, ನಾನು ರಿಟೈರ್ ಆಗಿದ್ದೇನೆ.

ಇಂತಿ,
ಟೋಕನ್ 14